ಕಣ್ಣಿಗೆ ಹನಿ ಹಾಕಿ ಕೂರಿಸುವ ಮುನ್ನ: ಆರೋಗ್ಯ ಇಲಾಖೆಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಬೆಂಗಳೂರು
ಪ್ರತಿ: ಎಲ್ಲ ಜಿಲ್ಲೆಗಳ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ

ಮಾನ್ಯರೇ,

ನಾನು ಸಾರಿಗೆ ಸಂಸ್ಥೆಯಲ್ಲಿ ಸಂಚಾರ ನಿಯಂತ್ರಕನಾಗಿದ್ದು ನಿವೃತ್ತನಾದವನು. ವೈದ್ಯಕೀಯ ಓದಿದವನಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಇನ್ನೊಂದರಲ್ಲಿ ಕಣ್ಣಿನ ನರ ಹಾಳು ಮಾಡುವ ಗ್ಲಾಕೋಮಾ, ಅದಕ್ಕೆ ದಿನಾ ಔಷಧಿ ಹನಿ ಬಿಡಬೇಕು. ಹಾಗಾಗಿ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದ ಬೆಂಚು ನನಗೆ ಚೆನ್ನಾಗಿ ಗೊತ್ತು. ಯಾವ ಜಿಲ್ಲೆ ಎಂದು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಅಲ್ಲಿನ ಒಬ್ಬರಿಗೆ ನೋಟಿಸು ಹೋಗುತ್ತದೆ, ಅವರೊಂದು ಸಮಜಾಯಿಷಿ ಕೊಡುತ್ತಾರೆ, ಫೈಲು ಮುಚ್ಚುತ್ತದೆ. ನೋಟಿಸು ಕೊಡಿಸುವುದು ನನ್ನ ಉದ್ದೇಶವಲ್ಲ. ಬೇರೆ ಜಿಲ್ಲೆಗಳ ನೆಂಟರನ್ನು ಕೇಳಿದರೂ ಹೆಚ್ಚುಕಡಿಮೆ ಇದೇ ಕಥೆ.

ಕಥೆ ಹೀಗಿದೆ. ಬೆಳಿಗ್ಗೆ ಚೀಟಿ ಮಾಡಿಸಲು ಒಂದು ಸಾಲು. ಕಣ್ಣಿನ ವಿಭಾಗದ ಬಾಗಿಲಲ್ಲಿ ಎರಡನೇ ಸಾಲು. ಒಳಗೆ ಹೋದರೆ ಡಾಕ್ಟರು ಒಂದೆರಡು ಮಾತು ಕೇಳಿ, ಟಾರ್ಚ್ ಬಿಟ್ಟು ನೋಡಿ, ಅಕ್ಷರ ಓದಿಸಿಕೊಂಡು ಬನ್ನಿ ಎನ್ನುತ್ತಾರೆ. ಅಲ್ಲಿ ಮೂರನೇ ಸಾಲು. ಓದಿಸಿಕೊಂಡು ಬಂದರೆ ಮತ್ತೆ ಡಾಕ್ಟರ ಸಾಲು. ಈಗ ಚೀಟಿಯ ಮೇಲೆ ‘ಹನಿ ಹಾಕಿ’ ಎಂದು ಬರೆಯುತ್ತಾರೆ. ಸಿಸ್ಟರ್ ಪಾಪೆ ಅಗಲ ಮಾಡುವ ಹನಿ ಹಾಕಿ, ಕಣ್ಣು ಮುಚ್ಚಿಕೊಂಡು ಕೂತ್ಕೊಳ್ಳಿ ಅಜ್ಜಿ ಎನ್ನುತ್ತಾರೆ. ಅರ್ಧ ಗಂಟೆಯ ಮೇಲೆ ಡಾಕ್ಟರ ಸಾಲಿನ ತುದಿಗೆ ಇನ್ನೊಮ್ಮೆ. ಅಷ್ಟರಲ್ಲಿ ‘ಶುಗರ್ ನೋಡಿಸಿದ್ದೀರಾ?’ ಎಂಬ ಪ್ರಶ್ನೆ ಬರುತ್ತದೆ. ಲ್ಯಾಬ್ ಇರುವುದು ಇನ್ನೊಂದು ಕಟ್ಟಡದಲ್ಲಿ. ಹನಿ ಬಿದ್ದ ಕಣ್ಣಲ್ಲಿ, ಬಿಸಿಲಲ್ಲಿ, ಎಂಬತ್ತರ ಹತ್ತಿರದ ಅಮ್ಮನ ಕೈ ಹಿಡಿದು ಅಲ್ಲಿಗೆ ನಡೆಸಿಕೊಂಡು ಹೋಗಬೇಕು. ಲ್ಯಾಬಿನಿಂದ ಬರುವಷ್ಟರಲ್ಲಿ ಒಂದು ಗಂಟೆ ಹೊಡೆದಿರುತ್ತದೆ, ಊಟದ ಬಿಡುವು. ಡಾಕ್ಟರು ವಾಪಸ್ ಬರುವ ಹೊತ್ತಿಗೆ ಹನಿಯ ಬಲ ಇಳಿಯತೊಡಗಿರುತ್ತದೆ. ಇನ್ನೊಂದು ಸಲ ಹಾಕಿ.

ಇದರಲ್ಲಿ ಸಿಬ್ಬಂದಿಯ ಸೋಮಾರಿತನ ಎಲ್ಲಿದೆ ಹೇಳಿ? ನಾನು ಕಂಡ ಹಾಗೆ ಎಲ್ಲರೂ ಬೆಳಗಿನಿಂದ ದುಡಿಯುತ್ತಲೇ ಇರುತ್ತಾರೆ. ಡಾಕ್ಟರು ನೀರು ಕುಡಿಯಲೂ ಏಳುವುದಿಲ್ಲ. ತಪ್ಪಿರುವುದು ಕೆಲಸದ ಕ್ರಮದಲ್ಲಿ. ಒಬ್ಬರೇ ರೋಗಿಯನ್ನು ಅದೇ ಡಾಕ್ಟರು ಎರಡು, ಮೂರು ಸಲ ನೋಡುತ್ತಾರೆ. ಮೊದಲ ಸಲ ನೋಡುವುದು ಬಹುಪಾಲು ಇನ್ನೊಬ್ಬರ ಹತ್ತಿರ ಕಳಿಸುವುದಕ್ಕಷ್ಟೇ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಸುಮ್ನೆ ಉದಾಹರಣೆಗೆ, ಯಾವ ಆಸ್ಪತ್ರೆಯ ದಾಖಲೆಯೂ ಅಲ್ಲ. ಬೆಳಿಗ್ಗೆ 120 ಜನ ಬಂದರು ಎನ್ನಿ. ಎಲ್ಲರನ್ನೂ ಡಾಕ್ಟರು ಮೊದಲು 4 ನಿಮಿಷ ನೋಡಿದರೆ 480 ನಿಮಿಷ. ಅವರಲ್ಲಿ 50 ಜನಕ್ಕೆ ಹನಿ ಹಾಕಿ ಇನ್ನೊಮ್ಮೆ 5 ನಿಮಿಷ ನೋಡಿದರೆ 250. ಒಟ್ಟು 730 ನಿಮಿಷ, ಅಂದರೆ ಹನ್ನೆರಡು ಗಂಟೆಗೂ ಜಾಸ್ತಿ. ಇಬ್ಬರು ಡಾಕ್ಟರು ಹಂಚಿಕೊಂಡರೂ ತಲಾ ಆರು ಗಂಟೆ.

ಈಗ ಕ್ರಮ ಬದಲಿಸಿ. 30 ಜನ ಬಂದಿರುವುದು ಕನ್ನಡಕಕ್ಕೆ. ಅವರನ್ನು ನೇತ್ರಾಧಿಕಾರಿಗಳೇ, ಅಂದರೆ ಡಾಕ್ಟರಲ್ಲದಿದ್ದರೂ ಕಣ್ಣಿನ ಪರೀಕ್ಷೆ ಕಲಿತ ಸಿಬ್ಬಂದಿಯೇ, ನೋಡುತ್ತಾರೆ. ಏನೋ ಅನುಮಾನ ಬಂದ 5 ಜನರನ್ನಷ್ಟೇ ಡಾಕ್ಟರ ಹತ್ತಿರ ಕಳಿಸುತ್ತಾರೆ. ಅದಕ್ಕೆ 20 ನಿಮಿಷ. ಆಪರೇಷನ್ ಆದ ಮೇಲೆ ತೋರಿಸಲು ಬಂದ 20 ಜನಕ್ಕೆ 3 ನಿಮಿಷದಂತೆ 60. ಕೆಂಗಣ್ಣು, ಕಸ, ನೋವು ಎಂದು ಬಂದ 20 ಜನಕ್ಕೆ 4 ನಿಮಿಷದಂತೆ 80. ಹನಿ ಬೇಕಾದ 50 ಜನ, ಪರೀಕ್ಷೆ ಎಲ್ಲ ಮುಗಿಸಿ, ಪಾಪೆ ಅಗಲವಾದ ಮೇಲೆ ಒಂದೇ ಸಲ ಡಾಕ್ಟರ ಮುಂದೆ ಕೂರುತ್ತಾರೆ. ಅವಸರ ಬೇಡ, ತಲಾ 6 ನಿಮಿಷ ಕೊಡೋಣ, 300. ಕೂಡಿಸಿದರೆ 460 ನಿಮಿಷ. ಇಬ್ಬರಿದ್ದರೆ ತಲಾ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಡಾಕ್ಟರ ಸಂಖ್ಯೆ ಅಷ್ಟೇ ಇದೆ, ರೋಗಿಗಳೂ ಅಷ್ಟೇ. ಹನಿ ಹಾಕಿಸಿಕೊಂಡವರಿಗಂತೂ ಡಾಕ್ಟರು ಮೊದಲಿನ ಎರಡನೇ ಸಲಕ್ಕಿಂತ ಒಂದು ನಿಮಿಷ ಹೆಚ್ಚೇ ಕೊಟ್ಟಿದ್ದಾರೆ.

ಹಾಗಂತ ಬಾಗಿಲಲ್ಲೇ ಎಲ್ಲರಿಗೂ ಹನಿ ಹಾಕಿಬಿಡಿ ಎಂದು ನಾನು ಹೇಳುತ್ತಿಲ್ಲ. ಅದು ಅಪಾಯ. ಟ್ರೋಪಿಕಮೈಡ್ ಹನಿ ಪಾಪೆಯನ್ನು ಅಗಲ ಮಾಡಲು ಸುಮಾರು 20ರಿಂದ 30 ನಿಮಿಷ ಬೇಕು. ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ ಇನ್ನೂ ಹೊತ್ತು ಹಿಡಿಯುತ್ತದೆ. ಬೆಳಕು ಚುಚ್ಚುವುದು, ಹತ್ತಿರದ್ದು ಮಬ್ಬಾಗುವುದು ನಾಲ್ಕಾರು ಗಂಟೆ ಇರುತ್ತದೆ. ಆದ್ದರಿಂದ ಅಕ್ಷರ ಓದಿಸುವುದು ಹನಿಗೆ ಮೊದಲೇ ಆಗಬೇಕು. ಬೆಳಕಿಗೆ ಪಾಪೆ ಹೇಗೆ ಕುಗ್ಗುತ್ತದೆ ಎಂದು ಮೊದಲೇ ನೋಡಬೇಕು. ಕಣ್ಣಿನ ಒತ್ತಡ ಅಳೆಯಬೇಕು. ಪಕ್ಕದಿಂದ ಟಾರ್ಚ್ ಬಿಟ್ಟು ಕಣ್ಣಿನ ಮುಂಭಾಗ ಇಕ್ಕಟ್ಟಾಗಿದೆಯೇ ನೋಡಬೇಕು. ಇಕ್ಕಟ್ಟಿನ ಕಣ್ಣಿಗೆ ಈ ಹನಿ ಬಿದ್ದರೆ ಒತ್ತಡ ಥಟ್ಟನೆ ಏರಬಹುದು. ಅಂಥವರು ಹನಿ ಇಲ್ಲದೆ ನೇರ ಡಾಕ್ಟರ ಹತ್ತಿರ ಹೋಗಬೇಕು. ಇದೆಲ್ಲ ನೇತ್ರಾಧಿಕಾರಿಗಳು ಓದಿ ಕಲಿತಿರುವ ಕೆಲಸವೇ. ಯಾರಿಗೆ ಹನಿ ಹಾಕಬಹುದು, ಯಾರಿಗೆ ಡಾಕ್ಟರನ್ನು ಕೇಳದೆ ಹಾಕಬಾರದು ಎಂದು ಒಂದು ಪುಟದ ಲಿಖಿತ ಆದೇಶ ನಿಮ್ಮಿಂದ ಹೊರಟರೆ ಅವರಿಗೆ ಧೈರ್ಯ ಬರುತ್ತದೆ. ಈಗ ಅವರ ಕೈ ಕಟ್ಟಿರುವುದು ಕಾಗದವಿಲ್ಲದ ಭಯ. ನಾಳೆ ಏನಾದರೂ ಆದರೆ ‘ಯಾರು ಹೇಳಿದ್ದು ಹನಿ ಹಾಕೋಕೆ?’ ಎಂದು ಕೇಳುವವರು ಇದ್ದಾರಲ್ವಾ.

ಹನಿ ಹಾಕಿದ ಆ ಅರ್ಧ ಗಂಟೆಯನ್ನು ನಾವು ಬೆಂಚಿನ ಮೇಲೆ ಸುರಿಯುತ್ತಿದ್ದೇವೆ. ಬಿಪಿ ನೋಡುವುದು, ಬೆರಳು ಚುಚ್ಚಿ ಶುಗರ್ ನೋಡುವುದು, ಆಪರೇಷನ್ನಿಗೆ ಬೇಕಾದ ರಕ್ತ ತೆಗೆಯುವುದು, ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್ ಸೇರಿಸುವುದು, ಎಲ್ಲವೂ ಆ ಹೊತ್ತಿನಲ್ಲೇ, ಅದೇ ಕೋಣೆಯಲ್ಲೇ ಆಗಬಹುದು. ಶುಗರ್ ನೋಡುವ ಸಣ್ಣ ಯಂತ್ರ ಕಣ್ಣಿನ ವಿಭಾಗದ ಮೇಜಿನ ಮೇಲಿದ್ದರೆ ಇನ್ನೊಂದು ಕಟ್ಟಡಕ್ಕೆ ಯಾಕೆ ನಡೆಸಬೇಕು? ಇನ್ನೊಂದು ಚಿಕ್ಕ ಕೆಲಸ. ಹನಿ ಹಾಕಿದ ಹೊತ್ತನ್ನು ಚೀಟಿಯ ಮೇಲೆ ದಪ್ಪಗೆ ಬರೆಯಬೇಕು. ‘ಹನಿ 10.20’ ಎಂದಿದ್ದರೆ 10.50ಕ್ಕೆ ಅವರು ಒಳಗೆ ಹೋಗಬೇಕು ಎಂದು ಬಾಗಿಲಲ್ಲಿ ನಿಂತವರಿಗೂ ತಿಳಿಯುತ್ತದೆ. ಊಟದ ಬಿಡುವಿಗೆ ಮುಕ್ಕಾಲು ಗಂಟೆ ಇರುವಾಗ ಹೊಸದಾಗಿ ಹನಿ ಹಾಕುವುದು ನಿಲ್ಲಬೇಕು. ಹಾಕಿಸಿಕೊಂಡವರೆಲ್ಲ ಮುಗಿದ ಮೇಲೇ ಡಾಕ್ಟರು ಏಳಬೇಕು.

ಇಲ್ಲಿ ಒಂದು ತೊಡಕು ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಡಾಕ್ಟರ ಬಾಗಿಲ ಸಾಲು ಕರಗಿದರೆ ಅದು ನೇತ್ರಾಧಿಕಾರಿಯ ಮೇಜಿಗೆ ಜಾರುತ್ತದೆ. 120 ಜನಕ್ಕೆ ಅಕ್ಷರ ಓದಿಸಿ, ಒತ್ತಡ ಅಳೆದು, ಟಾರ್ಚ್ ಬಿಟ್ಟು ನೋಡುವುದು ಒಬ್ಬರ ಕೈಯಲ್ಲಿ ಆಗುವ ಮಾತಲ್ಲ. ಆರು ಮೀಟರ್ ದೂರದ ಬೋರ್ಡಿನ ಅಕ್ಷರ ಓದಿಸಿ ಬರೆದುಕೊಳ್ಳಲು ತರಬೇತಿ ಪಡೆದ ಒಬ್ಬ ನರ್ಸ್ ಸಾಕು. ಗಾಳಿ ಊದಿ ಒತ್ತಡ ಅಳೆಯುವ ಯಂತ್ರ ಇರುವ ಕಡೆ ಅದನ್ನೂ ಅವರೇ ಮಾಡಬಹುದು. ನೇತ್ರಾಧಿಕಾರಿ ಕನ್ನಡಕದ ನಂಬರು ಮತ್ತು ಹನಿಯ ತೀರ್ಮಾನಕ್ಕೆ ಉಳಿಯಲಿ. ದಯವಿಟ್ಟು ಅವರನ್ನು ಬೆಳಗಿನ ಹೊತ್ತು ವರದಿ ಟೈಪು ಮಾಡಲು, ಮೀಟಿಂಗಿಗೆ, ಇನ್ಯಾವುದೋ ವಿಭಾಗದ ಡ್ಯೂಟಿಗೆ ಕರೆಯಬೇಡಿ.

ಸಾಲಿನಲ್ಲಿ ನಿಲ್ಲಲೇಬಾರದವರೂ ಇದ್ದಾರೆ. ಎಲೆ ಅಡಿಕೆಯ ಸುಣ್ಣ ಮಗುವಿನ ಕಣ್ಣಿಗೆ ಸಿಡಿದಿದ್ದರೆ ಮೊದಲು ನೀರು, ಆಮೇಲೆ ಚೀಟಿ. ನಿಮಿಷ ನಿಮಿಷಕ್ಕೂ ಕಣ್ಣು ಸುಡುತ್ತಿರುತ್ತದೆ. ಥಟ್ಟನೆ ದೃಷ್ಟಿ ಹೋದವರು, ಕಣ್ಣಿಗೆ ಪರದೆ ಇಳಿದ ಹಾಗಾದವರು, ತಲೆನೋವು, ವಾಂತಿಯ ಜೊತೆ ಕಣ್ಣು ಕೆಂಪಾಗಿ ಮಂಜಾದವರು, ಸುತ್ತಿಗೆ ಏಟಿಗೆ ಕಬ್ಬಿಣದ ಚೂರು ಹಾರಿದವರು, ಪೊರೆ ಆಪರೇಷನ್ ಆಗಿ ವಾರದೊಳಗೆ ನೋವು ಶುರುವಾದವರು. ಇವರು ತಾವಾಗಿ ಮುಂದೆ ನುಗ್ಗುವುದಿಲ್ಲ. ಹಳ್ಳಿಯವರು ಪಾಳಿ ತಪ್ಪಿಸಬಾರದು ಎಂದು ಸುಮ್ಮನೆ ಕೂರುತ್ತಾರೆ. ಬಾಗಿಲಲ್ಲಿ ಒಬ್ಬರು ನಿಂತು ‘ಏನಾಯ್ತು, ಯಾವಾಗಿಂದ?’ ಎಂದು ಎರಡೇ ಪ್ರಶ್ನೆ ಕೇಳಿದರೆ ಸಿಕ್ಕಿಬೀಳುತ್ತಾರೆ. ಮದ್ರಾಸ್ ಐ ಬಂದವರನ್ನೂ ಅಲ್ಲೇ ಬೇರೆ ಮಾಡಬಹುದು. ನಿನ್ನೆ ಆಪರೇಷನ್ ಆದ ಅಜ್ಜನ ಪಕ್ಕ ಅವರನ್ನು ಎರಡು ಗಂಟೆ ಕೂರಿಸುವುದು ಎಂಥ ಲೆಕ್ಕ? ಬೇರೆ ಓಪಿಡಿಗಳಲ್ಲಿ ಹಿರಿಯ ನಾಗರಿಕರ ಸಾಲು ಎಂದು ಮಾಡಿದರೆ ವಯಸ್ಸಾದವರಿಗೆ ಅನುಕೂಲ. ಕಣ್ಣಿನ ವಿಭಾಗದಲ್ಲಿ ಅದೇ ಅತ್ಯಂತ ಉದ್ದದ ಸಾಲು. ಇಲ್ಲಿ ವಯಸ್ಸು ನೋಡಿ ಬೇರ್ಪಡಿಸಿ ಪ್ರಯೋಜನವಿಲ್ಲ, ಕಾಯಿಲೆ ನೋಡಿ ಬೇರ್ಪಡಿಸಬೇಕು.

ಈಗ ನನ್ನ ಕಸುಬಿಗೆ ಹತ್ತಿರದ ಮಾತು. ಒಂದೇ ರೂಟಿನ ಮೂರು ಬಸ್ಸು ಒಟ್ಟಿಗೆ ಬಂದು, ಆಮೇಲೆ ಒಂದು ಗಂಟೆ ಏನೂ ಬರದಿದ್ದರೆ ಜನ ಬಸ್ಸು ಜಾಸ್ತಿ ಬಿಡಿ ಎನ್ನುತ್ತಾರೆ. ಬಸ್ಸು ಸಾಕಷ್ಟಿರುತ್ತದೆ, ಬಿಟ್ಟ ಹೊತ್ತು ತಪ್ಪಿರುತ್ತದೆ. ಆಸ್ಪತ್ರೆಯಲ್ಲೂ ಪ್ರತಿಯೊಬ್ಬರ ಚೀಟಿಯ ಮೇಲೆ ‘ಬೆಳಿಗ್ಗೆ 9ಕ್ಕೆ’ ಎಂದೇ ಬರೆಯುತ್ತಾರೆ. ಆಸ್ಪತ್ರೆಯ ಪಕ್ಕದ ಬೀದಿಯವರೂ 9ಕ್ಕೆ, ಕಾಡಂಚಿನ ಹಳ್ಳಿಯವರೂ 9ಕ್ಕೆ. ಹಳ್ಳಿಯವರು ಮೊದಲ ಬಸ್ಸು ಹತ್ತಿ ಹತ್ತೂವರೆಗೆ ಮುಟ್ಟಿದರೆ ಟೋಕನ್ ನಂಬರು ತೊಂಬತ್ತು. ಮಧ್ಯಾಹ್ನ ಮೂರರ ಬಸ್ಸು ತಪ್ಪಿದರೆ ಇನ್ನೊಂದು ಇಲ್ಲ. ಅವರು ಡಾಕ್ಟರ ಮುಖ ನೋಡದೆ ವಾಪಸ್ ಹೋಗುತ್ತಾರೆ.

ಮುಂದಿನ ಭೇಟಿಯ ದಿನ ಬರೆಯುವಾಗ ‘ಯಾವ ಊರು, ಬಸ್ಸು ಎಷ್ಟಕ್ಕೆ?’ ಎಂದು ಕೇಳಿದರೆ ಸಾಕು. ಊರಿನವರಿಗೆ 9, ದೂರದವರಿಗೆ 11. ಕನ್ನಡಕದವರಿಗೆ, ಡ್ರೈವಿಂಗ್ ಲೈಸೆನ್ಸಿನ ಸರ್ಟಿಫಿಕೇಟಿಗೆ ಬರುವವರಿಗೆ ಮಧ್ಯಾಹ್ನ. ಪೊರೆ ಆಪರೇಷನ್ ಆದವರು ಮಾರನೇ ದಿನ, ವಾರದ ಮೇಲೆ, ತಿಂಗಳು ಒಂದೂವರೆ ತಿಂಗಳಿಗೆ ಬರುವುದು ಮೊದಲೇ ಗೊತ್ತಿರುವ ವಿಷಯ. ಅವರ ಹೊತ್ತನ್ನು ಆಪರೇಷನ್ ದಿನವೇ ಬರೆದು ಕೊಡಬಹುದು. ಇನ್ನು ಓಟಿ ದಿನ, ಅಂದರೆ ಆಪರೇಷನ್ ದಿನ. ಡಾಕ್ಟರು ಥಿಯೇಟರಿನಲ್ಲಿದ್ದಾರೆ, ನಾಳೆ ಬನ್ನಿ ಎಂದು ಕೇಳಿಸಿಕೊಂಡವರ ಮುಖ ನೋಡಲಾಗುವುದಿಲ್ಲ. ಯಾವ ದಿನ ಓಟಿ, ಯಾವ ದಿನ ಓಪಿಡಿ ಎಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆಸಿ, ಆಶಾ ಕಾರ್ಯಕರ್ತೆಯರ ವಾಟ್ಸಾಪ್ ಗುಂಪಿಗೆ ಹಾಕಿ. ಆಶಾಕಿರಣ ಯೋಜನೆಗೆಂದು ಅವರೇ ಮನೆ ಮನೆಗೆ ಹೋಗಿ ಕಣ್ಣಿನ ತಪಾಸಣೆಗೆ ಜನರನ್ನು ಗುರುತಿಸಿದವರು. ಗುರುತಿಸಿ ಕಳಿಸಿದವರು ಇಲ್ಲಿ ಬಂದು ಬಾಗಿಲಿಂದ ವಾಪಸಾದರೆ ಆಕೆಯ ಮಾತನ್ನು ಊರಲ್ಲಿ ಮತ್ತೆ ಯಾರು ಕೇಳುತ್ತಾರೆ?

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಹಣವಿಲ್ಲ, ಸಂತೋಷ. ಜೊತೆಗೆ ಬರುವ ಮಗನ ಕೂಲಿ ಮಾತ್ರ ಹೋಗಿಯೇ ಹೋಗುತ್ತದೆ. ಹನಿ ಹಾಕಿಸಿಕೊಂಡವರನ್ನು ಒಂಟಿಯಾಗಿ ಕಳಿಸುವ ಹಾಗಿಲ್ಲವಲ್ಲ. ಒಬ್ಬರು ಕಾದರೆ ಇಬ್ಬರ ದಿನ ಹೋಯಿತು.

ಸಾಲು ಕಂಡಾಗಲೆಲ್ಲ ದಾನಿಗಳು ಬೆಂಚು ಕೊಡಿಸುತ್ತಾರೆ. ಒಳ್ಳೆಯ ಮನಸ್ಸು, ಬೇಡ ಎನ್ನುವುದಿಲ್ಲ. ಆದರೆ 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು ಸಾಧಿಸಿ ತೋರಿಸಿದ ಒಂದು ಸರಳ ಸೂತ್ರವಿದೆ. ಗಂಟೆಗೆ ಎಷ್ಟು ಜನ ಬರುತ್ತಾರೋ ಅದನ್ನು ಒಬ್ಬೊಬ್ಬರು ಎಷ್ಟು ಗಂಟೆ ಒಳಗಿರುತ್ತಾರೋ ಅದರಿಂದ ಗುಣಿಸಿ. ಒಳಗೆ ಸರಾಸರಿ ಎಷ್ಟು ಜನ ಇರುತ್ತಾರೆಂದು ಸಿಗುತ್ತದೆ. ಗಂಟೆಗೆ 20 ಜನ ಬಂದು ತಲಾ 4 ಗಂಟೆ ಉಳಿದರೆ 80 ಜನ, ಜೊತೆಯವರು ಸೇರಿ 160. ಅದೇ 20 ಜನ ಎರಡು ಗಂಟೆಯಲ್ಲಿ ಹೊರಟರೆ ಅರ್ಧ ಹಾಲ್ ಖಾಲಿ. ಬೆಂಚಿನ ಲೆಕ್ಕವೂ ಕೊನೆಗೆ ಹೊತ್ತಿನ ಲೆಕ್ಕವೇ.

ಕಣ್ಣಿನ ವಿಭಾಗದ ಬೋರ್ಡುಗಳ ಬಗ್ಗೆ ಹೇಳದೆ ಇರಲಾಗದು. ಬರುವವರು ಕಣ್ಣು ಕಾಣುವುದಿಲ್ಲ ಎಂದೇ ಬರುತ್ತಾರೆ. ಅವರಿಗೆ ದಾರಿ ತೋರಿಸುವುದು ಗೋಡೆಗೆ ಅಂಟಿಸಿದ ಜೆರಾಕ್ಸ್ ಹಾಳೆ! ಟೋಕನ್ ನಂಬರು ಕೆಂಪು ದೀಪದಲ್ಲಿ ಮಿನುಗುವ ಪೆಟ್ಟಿಗೆಯನ್ನು ಹನಿ ಬಿದ್ದ ಕಣ್ಣು ಓದುವುದು ಹೇಗೆ? ನಂಬರನ್ನು ಬಾಯಲ್ಲಿ ಕೂಗಬೇಕು, ಹೆಸರೂ ಹೇಳಬೇಕು. ನೆಲದ ಮೇಲೆ ಅಗಲವಾದ ಹಳದಿ ಪಟ್ಟಿ ಬಳಿದರೆ ಅದೇ ದಾರಿ. ಮೊಬೈಲಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಓಪಿಡಿ ಟೋಕನ್ ಪಡೆಯುವ ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ವ್ಯವಸ್ಥೆ 2022ರಿಂದ ಇದೆ. ಬಳಸಲು ಬಲ್ಲವರು ಬಳಸಲಿ, ಚೀಟಿಯ ಸಾಲು ಅಷ್ಟು ಕಡಿಮೆಯಾದರೂ ಲಾಭ. ಆದರೆ ಗುಂಡಿ ಫೋನಿನ ಅಜ್ಜನಿಗೆ ಒಂದು ಕಿಟಕಿ ಯಾವತ್ತೂ ತೆರೆದಿರಲಿ.

‘ಇದೆಲ್ಲ ಖಾಸಗಿಯವರಿಗೆ ಸರಿ, ನಮ್ಮಲ್ಲಿ ನಡೆಯಲ್ಲ’ ಎಂದು ಯಾರಾದರೂ ಹೇಳುತ್ತಾರೆ ಎಂದು ಗೊತ್ತು. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯನ್ನು 1976ರಲ್ಲಿ 11 ಹಾಸಿಗೆಯಿಂದ ಶುರುಮಾಡಿದ ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಸೇವೆಯಿಂದ ನಿವೃತ್ತರಾದವರೇ. ಸಂಧಿವಾತಕ್ಕೆ ಬೆರಳು ಸೊಟ್ಟಗಾದರೂ ಆಪರೇಷನ್ ಮಾಡುತ್ತಿದ್ದವರು. ಅಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಅಕ್ಷರ ಓದಿಸುವುದು, ಒತ್ತಡ ಅಳೆಯುವುದು, ರೋಗಿಯನ್ನು ಸಿದ್ಧ ಮಾಡುವುದನ್ನೆಲ್ಲ ಅವರ ಕೈಗೆ ಒಪ್ಪಿಸಿದರು. ಡಾಕ್ಟರು ಡಾಕ್ಟರೇ ಮಾಡಬೇಕಾದ ಕೆಲಸ ಮಾಡುತ್ತಾರೆ. ಥಿಯೇಟರಿನಲ್ಲಿ ಒಂದು ಮೇಜಿನ ಮೇಲೆ ಆಪರೇಷನ್ ನಡೆಯುವಾಗ ಪಕ್ಕದ ಮೇಜಿನಲ್ಲಿ ಮುಂದಿನವರು ಸಿದ್ಧ. ನಮ್ಮವರೇ ಆದ ಡಾ. ಎಂ.ಸಿ. ಮೋದಿಯವರು ತಂಡ ಕಟ್ಟಿಕೊಂಡು ಊರೂರಿಗೆ ಹೋಗಿ ಒಂದೇ ದಿನ ನೂರಾರು ಪೊರೆ ತೆಗೆದದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ಛತ್ರ, ಶಾಲೆಗಳಲ್ಲಿ ಆಪರೇಷನ್ ಮಾಡುವ ಕಾಲ ಹೋಯಿತು, ಹೋಗಿದ್ದು ಒಳ್ಳೆಯದೇ. ಸೋಂಕಿನ ವಿಷಯದಲ್ಲಿ ಅವಸರ ಸಲ್ಲದು. ನಾನು ಕೇಳುತ್ತಿರುವುದು ಆ ವೇಗವನ್ನಲ್ಲ, ಕೆಲಸ ಹಂಚಿಕೊಂಡ ಆ ರೀತಿಯನ್ನು. ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದೂ 1976ರಲ್ಲೇ. ನೇತ್ರಾಧಿಕಾರಿಗಳು ನಮ್ಮ ಆಸ್ಪತ್ರೆಗಳಲ್ಲಿ ಇದ್ದೇ ಇದ್ದಾರೆ.

ಕಾದು ಬೇಸತ್ತು ಎದ್ದು ಹೋಗುವವರು ಯಾರು ಎಂದು ನೀವು ಒಮ್ಮೆ ಗಮನಿಸಬೇಕು. ನೋವಿದ್ದವರು ಹೋಗುವುದಿಲ್ಲ, ಸಂಜೆವರೆಗೂ ಕೂರುತ್ತಾರೆ. ಪೊರೆಯವರು ಇವತ್ತು ಹೋದರೂ ಇನ್ನೊಂದು ದಿನ ಬರುತ್ತಾರೆ, ತೆಗೆದರೆ ಮತ್ತೆ ಕಾಣುತ್ತದೆ. ಎದ್ದು ಹೋಗುವವರಲ್ಲಿ ಗ್ಲಾಕೋಮಾದವರು ಇರುತ್ತಾರೆ. ಸಕ್ಕರೆ ಕಾಯಿಲೆಗೆ ವರ್ಷಕ್ಕೊಮ್ಮೆ ಕಣ್ಣಿನ ನರಪಟಲ (ರೆಟಿನಾ) ತೋರಿಸಲು ಬಂದವರು ಇರುತ್ತಾರೆ. ಅವರಿಗೆ ನೋವಿಲ್ಲ, ಬಹಳ ದಿನದವರೆಗೆ ಕಾಣುವುದೂ ಚೆನ್ನಾಗಿಯೇ ಇರುತ್ತದೆ. ‘ನಂಗೇನೂ ಆಗಿಲ್ಲ, ಬಾರೋ ಹೋಗೋಣ’ ಎಂದು ನನ್ನಮ್ಮನೇ ಎಷ್ಟೋ ಸಲ ಎದ್ದಿದ್ದಾರೆ. ಗ್ಲಾಕೋಮಾದಲ್ಲಿ ಹೋದ ದೃಷ್ಟಿಯನ್ನು ಯಾವ ಆಪರೇಷನ್ನೂ ವಾಪಸ್ ತರುವುದಿಲ್ಲ. ಹನಿ ಹಾಕಿಸಿಕೊಂಡು, ಡಾಕ್ಟರಿಗೆ ತೋರಿಸದೆ ಹೋದವರ ಹೆಸರನ್ನು ದಿನದ ಕೊನೆಗೆ ಬರೆದಿಟ್ಟು, ಮಾರನೇ ದಿನ ಒಂದು ಫೋನ್ ಮಾಡಿಸುವ ವ್ಯವಸ್ಥೆಯಾದರೂ ಆಗಲಿ.

ಸಕಾಲ ಕಾಯ್ದೆ ಬಂದ ಮೇಲೆ ಆದಾಯ ಪ್ರಮಾಣಪತ್ರ ಇಷ್ಟು ದಿನದಲ್ಲಿ ಸಿಗಬೇಕು ಎಂದು ಕೇಳಲು ಜನ ಕಲಿತರು. ಕಣ್ಣು ತೋರಿಸಲು ಎಷ್ಟು ಗಂಟೆ ಬೇಕು ಎಂಬ ಬೋರ್ಡನ್ನು ನಾನು ಕಂಡಿಲ್ಲ. ಅದನ್ನು ಬರೆಯುವ ಮುಂಚೆ ಅಳೆಯಬೇಕು. ಕಂಪ್ಯೂಟರ್ ಬೇಡ, ಟೆಂಡರ್ ಬೇಡ. ಒಂದು ವಾರ, ಪ್ರತಿ ಚೀಟಿಯ ಹಿಂದೆ ಐದು ಸಮಯ ಬರೆಯಲಿ: ಬಂದದ್ದು, ಅಕ್ಷರ ಓದಿದ್ದು, ಹನಿ, ಡಾಕ್ಟರು, ಔಷಧಿ ಕಿಟಕಿ. ಶನಿವಾರ ಆ ಚೀಟಿಗಳನ್ನು ಮೇಜಿನ ಮೇಲೆ ಹರಡಿದರೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಅಟೆಂಡರ್‌ಗೂ ಕಾಣುತ್ತದೆ.

31 ಜಿಲ್ಲೆಗೂ ಒಂದೇ ಸುತ್ತೋಲೆ ಕಳಿಸಬೇಡಿ, ಅದು ಫೈಲಿನಲ್ಲಿ ಮಲಗುತ್ತದೆ. ಒಪ್ಪುವ ಒಂದೆರಡು ಜಿಲ್ಲಾ ಆಸ್ಪತ್ರೆ ಆರಿಸಿ. ಹನಿಯ ಬಗ್ಗೆ ಲಿಖಿತ ಆದೇಶ ಕೊಡಿ, ಬಾಗಿಲಿಗೆ ಒಬ್ಬರನ್ನು ನಿಲ್ಲಿಸಿ, ಒಂದು ತಿಂಗಳು ನಡೆಸಿ ನೋಡಿ. ಮೊದಲಿನ ವಾರದ ಚೀಟಿ, ಕೊನೆಯ ವಾರದ ಚೀಟಿ ಎರಡನ್ನೂ ಜನರ ಮುಂದಿಡಿ. ಬಾಗಿಲಲ್ಲಿ ನಿಂತು ಊರು, ಬಸ್ಸು ಕೇಳಿ ಹೊತ್ತು ಬರೆದುಕೊಡಲು ಆಳಿಲ್ಲ ಎಂದರೆ ನಾನು ಬರುತ್ತೇನೆ. ನನ್ನ ಜೊತೆ ನಿವೃತ್ತರಾದ ಇನ್ನೂ ಕೆಲವರು ಒಪ್ಪಿದ್ದಾರೆ. ಸಂಬಳ ಬೇಡ, ಕೂರಲು ಒಂದು ಸ್ಟೂಲು, ಬರೆಯಲು ಒಂದು ರಿಜಿಸ್ಟರ್ ಕೊಟ್ಟರೆ ಸಾಕು. ಕಾಯಿಲೆ ಏನೆಂದು ಕೇಳುವ ಪ್ರಶ್ನೆ ಮಾತ್ರ ನರ್ಸ್ ಬಾಯಿಂದಲೇ ಬರಲಿ, ಅದು ನಮ್ಮ ಕೆಲಸವಲ್ಲ.

ಇಂತಿ,
ಒಬ್ಬ ನಿವೃತ್ತ ಸಂಚಾರ ನಿಯಂತ್ರಕ